ಸಾಂಬ್ರಾಣಿ ಬುಟ್ಟಿ

ವಿಜಯನಗರದ ಮಾರ್ಕೆಟ್ಟಿನಲ್ಲಿ ಅಂಗಡಿ ಅಂಗಡಿಗೂ ಸಾಂಬ್ರಾಣಿ ಹೊಗೆ ಹಾಕುತ್ತಾ ಬರುವವರು ಎದುರಾದರೆ ನಾನು ಇವತ್ತಿಗೂ ರಸ್ತೆ ದಾಟಿಬಿಡುತ್ತೇನೆ. ದಾಟಿದವಳು ಸುಮ್ಮನೆ ಮನೆಗೆ ಹೋಗಬೇಕು ತಾನೆ? ಇಲ್ಲ, ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ವಾಸನೆಯ ಒಂದು ಎಳೆಗಾಗಿ ಅಲ್ಲೇ ನಿಂತಿರುತ್ತೇನೆ. ಹೆದರಿಕೆ, ಆಸೆ ಎರಡೂ ಒಟ್ಟಿಗೆ ಆಗುವುದು ನನಗೆ ಇದೊಂದಕ್ಕೇ. ಮನೆಯೇ ಇಲ್ಲವಾಗಿ ಬರೀ ವಾಸನೆ ಉಳಿದವರಿಗೆ ಇದು ಅರ್ಥವಾದೀತು.

ಎಪ್ಪತ್ತರ ದಶಕದಲ್ಲಿ ಅಲ್ಲೇ ಹಿಂದಿನ ಅಡ್ಡರಸ್ತೆಯಲ್ಲಿ ನಮ್ಮ ಹೆಂಚಿನ ಮನೆಯಿತ್ತು. ಭಾನುವಾರ ಬೆಳಿಗ್ಗೆ ಅಜ್ಜಿ, ಅಪ್ಪನ ತಾಯಿ, ನನ್ನ ನೆತ್ತಿಗೆ ಹರಳೆಣ್ಣೆ ತಟ್ಟಿ, ಸೀಗೇಪುಡಿ ತಿಕ್ಕಿ, ಕಣ್ಣುರಿಯೆಂದು ನಾನು ಕಿರುಚಿದಷ್ಟೂ ಬಿಸಿನೀರು ಹುಯ್ಯುತ್ತಿದ್ದರು. ಆಮೇಲೆ ಬಚ್ಚಲ ಒಲೆಯ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬುಟ್ಟಿಯ ಮೇಲೆ ಒದ್ದೆ ಕೂದಲು ಹರಡುತ್ತಿದ್ದರು. ಅದರಷ್ಟು ಸುಖ ನಾನು ಮತ್ತೆ ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಬ್ಬಸ ಶುರುವಾಗುತ್ತಿತ್ತು. ಎದೆಯೊಳಗೆ ಬೆಕ್ಕಿನ ಮರಿ ಕೂಗಿದಂತೆ ಸದ್ದು. ಮಲಗಲಾರೆ, ಮಾತಾಡಲಾರೆ, ಕಿಟಕಿಯ ಸರಳು ಹಿಡಿದು ಕೂತರೆ ಒಂದೇ ಯೋಚನೆ: ಮುಂದಿನ ಉಸಿರು ಬರುತ್ತದೋ ಇಲ್ಲವೋ. ಎಂಟು ವರ್ಷದವಳಿಗೆ ಸಾವೆಂದರೆ ಏನು ಗೊತ್ತು ಎನ್ನುತ್ತಾರೆ. ನನಗೆ ಚೆನ್ನಾಗಿಯೇ ಗೊತ್ತಿತ್ತು.

"ನೆತ್ತಿ ಆರಿಲ್ಲ, ನೀರು ಎದೆಗಿಳಿದಿದೆ" ಎಂಬುದು ಅಜ್ಜಿಯ ತೀರ್ಮಾನ. ಹಾಗಾಗಿ ಮುಂದಿನ ವಾರ ಇನ್ನೊಂದು ಹಿಡಿ ಸಾಂಬ್ರಾಣಿ! ಅಮ್ಮ ನನ್ನನ್ನು ರಾಜಾಜಿನಗರದ ಡಾಕ್ಟರ ಹತ್ತಿರ ಕರೆದೊಯ್ದಳು. "ಯಾವತ್ತು ಜಾಸ್ತಿ ಆಗತ್ತಮ್ಮ?" ಎಂದು ಅವರು ಕೇಳಿದರು. "ತಲೆಗೆ ನೀರು ಹಾಕಿದ ದಿನ ಸಾರ್." "ಹಾಗಾದ್ರೆ ಸ್ವಲ್ಪ ದಿನ ಹಾಕ್ಬೇಡಿ." ಹೊಗೆಯ ಸುದ್ದಿ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅದು ಔಷಧಿ ತಾನೆ. ಎರಡು ಭಾನುವಾರ ತಲೆಸ್ನಾನವೂ ಇಲ್ಲ, ಬುಟ್ಟಿಯೂ ಇಲ್ಲ, ಉಬ್ಬಸವೂ ಇಲ್ಲ. ನೀರೇ ಕಳ್ಳನೆಂದು ಎಲ್ಲರೂ ನೆಮ್ಮದಿಯಾಗಿದ್ದರು.

ಮೂರನೆಯ ಭಾನುವಾರ ಅಜ್ಜಿ ಕರೆದರು. "ತಲೆ ನಾರ್ತಾ ಇದೆ ಕಣೇ ಪುಟ್ಟಿ. ನೀರು ಸೋಕಿಸಲ್ಲ, ಬರೀ ಹೊಗೆ ಕೊಡ್ತೀನಿ ಬಾ."

ಓಡಿಹೋಗಿ ಮಲಗಿದೆ. ಅವತ್ತು ಮಧ್ಯಾಹ್ನದವರೆಗೂ ಕಾಯಬೇಕಾಗಲಿಲ್ಲ. ಎದ್ದು ಕೂರುವಷ್ಟರಲ್ಲಿ ಗಂಟಲು ಮುಚ್ಚಿಹೋಗಿತ್ತು. ನನ್ನ ತುಟಿ ನೀಲಿಯಾದದ್ದು ನೋಡಿ ಅಮ್ಮ ಚೀರಿದಳು, ಅಪ್ಪ ಆಟೋ ತರಲು ಬರಿಗಾಲಲ್ಲೇ ಓಡಿದರು. ಅಜ್ಜಿ ಮಾತ್ರ ನನ್ನ ಕೂದಲೊಳಗೆ ಕೈಯಿಟ್ಟು ಮತ್ತೆ ಮತ್ತೆ ತಡಕುತ್ತಿದ್ದರು. "ಒಣಗೇ ಇದೆಯಲ್ಲ" ಎಂದರು. ಆಮೇಲೆ ಅಮ್ಮನ ಮುಖ ನೋಡಿ, "ನೀರಲ್ಲ ಕಣಮ್ಮ. ನಾನೇ. ನನ್ನ ಹೊಗೇನೇ" ಎಂದರು. ಆ ದನಿ ಕೇಳಿ ನನಗೆ ಉಸಿರು ಕಟ್ಟಿದ್ದಕ್ಕಿಂತ ಹೆಚ್ಚು ಭಯವಾಯಿತು.

ಇಂಜೆಕ್ಷನ್ ಚುಚ್ಚಿಸಿಕೊಂಡು ನಾನು ಉಳಿದು ಬಂದೆ. ಬುಟ್ಟಿಗೆ ಈರುಳ್ಳಿ ತುಂಬಿತು. ಅಜ್ಜಿ ಶಿವಪೂಜೆಗೆ ಊದುಬತ್ತಿ ಹಚ್ಚುವುದನ್ನೂ ಬಿಟ್ಟರು, ಬರೀ ವಿಭೂತಿ, ಪತ್ರೆ. ಉಬ್ಬಸ ಪೂರ್ತಿ ಹೋಗಲಿಲ್ಲ. ಧೂಳಿಗೆ, ಚಳಿಗೆ ಆಗಾಗ ಬರುತ್ತಿತ್ತು, ಬಂದಾಗಲೆಲ್ಲ ಅವರು ತಪ್ಪು ಮಾಡಿದವರಂತೆ ಬಾಗಿಲಾಚೆ ಹೋಗಿ ಕೂರುತ್ತಿದ್ದರು. ಎದ್ದುಹೋಗಿ ಅವರ ಕೈ ಹಿಡಿಯಬೇಕೆಂದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕು ವರ್ಷದ ಮೇಲೆ ಅಜ್ಜಿ ತೀರಿಕೊಂಡರು. ನಮ್ಮವರ ಪದ್ಧತಿಯಂತೆ ಹಜಾರದ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಊರಿನಿಂದ ಬಂದ ದೊಡ್ಡಮ್ಮ, "ಧೂಪ ಇಲ್ದೆ ಹೆಂಗ್ರೀ?" ಎಂದು ಕೆಂಡ ತರಿಸಲು ಹೊರಟರು. ನಾನು ಆಗಲೇ ಹೊಸ್ತಿಲ ಹತ್ತಿರ ಸರಿದಿದ್ದೆ. ಅಮ್ಮ ಅಡ್ಡ ನಿಂತಳು.

"ಅತ್ತೆ ಹೇಳಿಟ್ಟು ಹೋಗಿದಾರೆ. ಹೊಗೆ ಹಾಕ್ಬೇಡಿ, ಪುಟ್ಟಿ ನನ್ನ ಪಕ್ಕ ಕೂರ್ಬೇಕು ಅಂತ."

ಅಜ್ಜಿಯನ್ನು ಎತ್ತಿಕೊಂಡು ಹೋಗುವವರೆಗೂ ಅವರ ಪಕ್ಕದಲ್ಲೇ ಕೂತಿದ್ದೆ. ಅಷ್ಟು ಅತ್ತರೂ ಉಸಿರು ಒಂದು ಸಲವೂ ಕಟ್ಟಲಿಲ್ಲ.