ಬ್ರೇಕಕ್ಕ ಬಣ್ಣದ ಓಣಿಗೆ ಹೋದದ್ದು

ಬ್ರೇಕಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಮ್ಮಂಥ ಶಿಷ್ಯರು ಇಟ್ಟದ್ದು. ಅವಳು ತನ್ನ ಅಣ್ಣನ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೂ ಪುಕ್ಕಲು ಗಂಡಸರಿಗೂ ಕಾರು ಕಲಿಸುತ್ತಿದ್ದಳು. ಆ ಕಾರಿನಲ್ಲಿ ನಮ್ಮ ಕಾಲ ಕೆಳಗೊಂದು ಬ್ರೇಕ್ ಇದ್ದರೆ ಅವಳ ಕಾಲ ಕೆಳಗೆ ಇನ್ನೊಂದು. ವರ್ಷಗಟ್ಟಲೆ ಅದನ್ನು ತುಳಿದೂ ತುಳಿದೂ ಅವಳ ಬಲಗಾಲಿಗೆ ಒಂದು ಚಟ ಅಂಟಿಬಿಟ್ಟಿತ್ತು. ಬಸ್ಸಿನಲ್ಲಿ ಕೂತಾಗ, ಟಿವಿಯಲ್ಲಿ ಯಾರೋ ಜೋರಾಗಿ ಕಾರು ಬಿಟ್ಟಾಗ, ಕೊನೆಗೆ ಊಟದ ಮೇಜಿನ ಮೇಲೆ ಅತ್ತಿಗೆ ಬಿಸಿ ಪಾತ್ರೆಯನ್ನು ಸರಕ್ಕನೆ ತಳ್ಳಿದಾಗಲೂ ಆ ಕಾಲು ನೆಲವನ್ನು ಒತ್ತುತ್ತಿತ್ತು.

ವಯಸ್ಸು ನಲವತ್ತಾರು. ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಕೋಣೆ ತುಂಬ ಹಳೇ ಸೋಫಾ, ಕಿಟಕಿಯಿಂದ ನೋಡಿದರೆ ಎದುರು ಮನೆಯವರು ಒಣಗಿಸಿದ ಬಟ್ಟೆ. ಯಾರಾದರೂ ಗಂಡು ತೋರಿಸುತ್ತೇನೆಂದರೆ, "ಕಾರನ್ನೇ ಕಟ್ಕೊಂಡಿದೀನಲ್ಲ, ಸಾಕು" ಎಂದು ನಕ್ಕುಬಿಡುತ್ತಿದ್ದಳು. ಅದಕ್ಕೆ ಅತ್ತಿಗೆ, "ಎಂಥಾ ಗಂಡನೋ, ಎರಡು ವಾರಕ್ಕೊಂದ್ಸಲ ಪಂಕ್ಚರ್ ಆಗ್ತಾನೆ" ಅನ್ನುವರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ತನ್ನ ಮನಸ್ಸು ಹೆಂಗಸರ ಕಡೆಗೇ ವಾಲುತ್ತದೆ ಎಂಬುದು ಅವಳಿಗೆ ಕಾಲೇಜಿನ ದಿನಗಳಲ್ಲೇ ತಿಳಿದಿತ್ತು. ತಿಳಿದೂ ತಿಳಿಯದವಳ ಹಾಗೆ ಇದ್ದುಬಿಟ್ಟಿದ್ದಳು. ಊರು ದೊಡ್ಡದು, ಅದರಲ್ಲಿ ಅವಳಂಥವರಿಗೆಂದೇ ಒಂದು ಜಾಗವೂ ಇತ್ತು. ರೈಲು ಸೇತುವೆಯ ಆಚೆ, ಮುಚ್ಚಿಹೋದ ಹಳೇ ಗಿರಣಿಯ ಹಿಂದೆ, ಗಂಡನ್ನು ಪ್ರೀತಿಸುವ ಗಂಡಸರೂ ಹೆಣ್ಣನ್ನು ಪ್ರೀತಿಸುವ ಹೆಂಗಸರೂ ಸೇರಿ ಅಂಗಡಿ, ಕಾಫಿ ಹೋಟೆಲು, ಕುಣಿತದ ಹಾಲ್ ಎಲ್ಲ ಮಾಡಿಕೊಂಡಿದ್ದ ನಾಲ್ಕು ಬೀದಿಗಳು. ಬಾಲ್ಕನಿಗೊಂದು ಕಾಮನಬಿಲ್ಲಿನ ಬಾವುಟ ಇದ್ದುದರಿಂದ ಎಲ್ಲರೂ ಅದನ್ನು ಬಣ್ಣದ ಓಣಿ ಎನ್ನುತ್ತಿದ್ದರು. ಬ್ರೇಕಕ್ಕ ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಸೇತುವೆ ಹತ್ತಿರ ಬಂದ ಕೂಡಲೇ ನಮಗೆಲ್ಲ, "ಎಡಕ್ಕೆ ತಿರುಗಿಸಿ" ಎನ್ನುತ್ತಿದ್ದಳು. ಎಡಕ್ಕೆ ತಿರುಗುವುದನ್ನು ಇಷ್ಟು ಚೆನ್ನಾಗಿ ಕಲಿತ ಶಿಷ್ಯರು ಬೇರೆ ಯಾವ ಸ್ಕೂಲಿನಲ್ಲೂ ಇರಲಿಲ್ಲ.

ಆಮೇಲೆ ಹೂವಿನಂಗಡಿಯವಳು ಬಂದಳು.

ಬೇರೆ ಸ್ಕೂಲಿನಲ್ಲಿ ಕಲಿತು, ಎರಡು ಸಲ ಟೆಸ್ಟಿನಲ್ಲಿ ಫೇಲಾಗಿ ಬಂದವಳು. ಎತ್ತರದ ಆಳು, ಉಗುರಿನ ಸಂದಿಯಲ್ಲಿ ಸದಾ ಹಸಿರು, ನಕ್ಕರೆ ಪಕ್ಕದ ಕಾರಿನವರು ತಿರುಗಿ ನೋಡಬೇಕು. ಬ್ರೇಕಕ್ಕನಿಗಿಂತ ಎರಡು ಮೂರು ವರ್ಷ ದೊಡ್ಡವಳೇ ಇರಬೇಕು. ಸೇತುವೆ ಬಂದಾಗ ಬ್ರೇಕಕ್ಕ ಯಥಾಪ್ರಕಾರ ಎಡಕ್ಕೆ ಎಂದಳು. ಕಾರು ನೆಟ್ಟಗೆ ಸೇತುವೆಯ ಕೆಳಗೆ ನುಗ್ಗಿತು.

"ಎಡಕ್ಕೆ ಅಂದೆ ನಾನು!"

"ಎಡಕ್ಕೆ ತಿರುಗಿಸೋದು ಇನ್ನೂ ಬರಲ್ಲ ಮೇಡಂ. ನೇರ ಹೋಗೋದು ಬರುತ್ತೆ."

ಬ್ರೇಕ್ ಒತ್ತಬಹುದಿತ್ತು. ಒತ್ತಲಿಲ್ಲ. ಯಾಕೆ ಒತ್ತಲಿಲ್ಲವೆಂದು ನಾನು ಮುಂದೊಮ್ಮೆ ಕೇಳಿದಾಗ ಬ್ರೇಕಕ್ಕ, "ಕಾಲಿಗೆ ಜೋಮು ಹಿಡಿದಿತ್ತು" ಎಂದು ಹೇಳಿ ಕಿವಿಯವರೆಗೂ ಕೆಂಪಾದಳು.

ಕಾರು ಒಂದು ಹೂವಿನಂಗಡಿಯ ಮುಂದೆ ಕುಲುಕಿ, ಕೆಮ್ಮಿ, ನಿಂತಿತು. "ನನ್ನದೇ ಅಂಗಡಿ. ಬಂದದ್ದು ಬಂದ್ರಿ, ಇಳೀರಿ. ಕಾಫಿ ಕುಡಿದು ಹೋಗೋಣ" ಎಂದಳು ಅವಳು, ಗೇರನ್ನು ಇನ್ನೂ ಮೂರರಲ್ಲೇ ಬಿಟ್ಟು.

ಅವತ್ತು ಬ್ರೇಕಕ್ಕ ಆ ಓಣಿಯಲ್ಲಿ ನಡೆದಾಡಿದ್ದನ್ನು ಅವಳ ಬಾಯಲ್ಲೇ ಕೇಳಬೇಕು. ಕಾಫಿ ಹೋಟೆಲಿನ ಬಾಗಿಲಲ್ಲೇ ಇಬ್ಬರು ಮುದುಕರು ಚದುರಂಗದ ಹಲಗೆಯ ಮೇಲೆ ಜಗಳಕ್ಕೆ ನಿಂತಿದ್ದರು. ಒಬ್ಬ ಕ್ಷೌರಿಕ, ಇನ್ನೊಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ಯೌವನದಿಂದಲೂ ಒಂದೇ ಮನೆಯಲ್ಲಿ ಸಂಸಾರ ಮಾಡಿದವರು. "ಕುದುರೆ ಕದ್ದ ಕಳ್ಳ" ಎಂದು ಒಬ್ಬ, "ನಿನ್ನ ಜೊತೆ ಬಾಳಿದ್ದೇ ನನ್ನ ತಪ್ಪು" ಎಂದು ಇನ್ನೊಬ್ಬ. ಹಾಗೆನ್ನುತ್ತಲೇ ಅವನು ಇವನ ಕೊರಳಿನ ಮಫ್ಲರನ್ನು ಸರಿಮಾಡಿದ. ಮುಂದೆ ದರ್ಜಿ ಅಂಗಡಿ. ಒಳಗೆ ಗಡ್ಡದ ದೈತ್ಯನೊಬ್ಬ ನೆಲ ಗುಡಿಸುವಷ್ಟು ಉದ್ದದ ಹಸಿರು ಗೌನು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ. ಇವರನ್ನು ಕಂಡವನೇ, "ಅಕ್ಕಾ, ಸೊಂಟ ಬಿಗಿಯಾಯ್ತಾ ಸ್ವಲ್ಪ ನೋಡಿ" ಎಂದು ಕೂಗಿದ.

"ಉಸಿರು ಬಿಡಿ, ನೋಡೋಣ" ಎಂದಳು ಬ್ರೇಕಕ್ಕ, ಪಾಠ ಹೇಳುವ ದನಿಯಲ್ಲೇ.

ಅವನು ಉಸಿರು ಬಿಟ್ಟ. ಗುಂಡಿಯೊಂದು ಚಿಮ್ಮಿ ದರ್ಜಿಯ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದರ್ಜಿ ಮಾತ್ರ ನಗಲಿಲ್ಲ.

ಇದೆಲ್ಲ ಸರಿ. ಆದರೆ ಅವಳ ಎದೆಯನ್ನು ತಲೆಕೆಳಗು ಮಾಡಿದ್ದು ತರಕಾರಿ ಅಂಗಡಿ. ಅಲ್ಲಿ ಇಬ್ಬರು ಹೆಂಗಸರು, ಒಬ್ಬಳ ಕೈ ಇನ್ನೊಬ್ಬಳ ಕೈಯಲ್ಲಿ, ಖಾಲಿ ಇದ್ದ ಕೈಗಳಲ್ಲಿ ಈರುಳ್ಳಿ ಆರಿಸುತ್ತಿದ್ದರು. "ಮೊನ್ನೆ ತಂದಿದ್ದೇ ಮೊಳಕೆ ಬಂದಿದೆ, ಮತ್ಯಾಕೆ?" ಎಂದು ಒಬ್ಬಳು ಗೊಣಗುತ್ತಿದ್ದಳು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಈರುಳ್ಳಿಯವನೂ ನೋಡುತ್ತಿರಲಿಲ್ಲ. ಬ್ರೇಕಕ್ಕ ಒಂದು ಬುಟ್ಟಿಯ ಅಂಚು ಹಿಡಿದು ನಿಂತಳು. ಇಷ್ಟೇನಾ, ಇಷ್ಟು ಸುಲಭವಾ ಎನಿಸಿತಂತೆ. ಅಳು ಬರುತ್ತದೆಂದುಕೊಂಡಳು, ಬಂದದ್ದು ನಗು. ನಿಲ್ಲಿಸಲಾಗದ ನಗು.

"ಏನಾಯ್ತು ಮೇಡಂ?"

"ಏನಿಲ್ಲ. ಈರುಳ್ಳಿ ಚೆನ್ನಾಗಿದೆ."

ಹೂವಿನಂಗಡಿಯವಳು ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮೆಲ್ಲಗೆ, "ಭಾನುವಾರ ಸಂಜೆ ನಮ್ಮ ನೆಲಮಾಳಿಗೆಯ ಹಾಲ್‌ನಲ್ಲಿ ಕುಣಿತ ಇರುತ್ತೆ. ಬರೀ ಹೆಂಗಸರು. ಬರ್ತೀರಾ?" ಎಂದಳು.

ಭಾನುವಾರ ಬ್ರೇಕಕ್ಕ ಮೆಟ್ಟಿಲಿಳಿದು ಬಂದಾಗ ಅತ್ತಿಗೆ ಬಾಗಿಲ ಬಳಿಯೇ ಕೂತಿದ್ದರು.

"ಎಲ್ಲಿಗೇ ಸವಾರಿ?"

"ಕ್ಲಾಸಿದೆ ಅತ್ತಿಗೆ."

"ಭಾನುವಾರ? ಕಿವಿಗೆ ಲೋಲಾಕು ಹಾಕ್ಕೊಂಡು?"

"ರಿವರ್ಸ್ ಕ್ಲಾಸು" ಎಂದು ಏನೋ ಒದರಿ ಅವಳು ಓಡಿಯೇಬಿಟ್ಟಳು.

ನೆಲಮಾಳಿಗೆಯ ಹಾಲ್ ಹಿಂದೆ ಗಿರಣಿಯ ಉಗ್ರಾಣವಾಗಿತ್ತಂತೆ. ಸೂರಿನಿಂದ ಕಾಗದದ ದೀಪಗಳು, ಮೂಲೆಯಲ್ಲಿ ಶರಬತ್ತು, ಬಿಯರು, ನಡುವೆ ಎಲ್ಲ ವಯಸ್ಸಿನ ಹೆಂಗಸರು. ಬಸ್ ಕಂಡಕ್ಟರು ಯೂನಿಫಾರ್ಮಿನಲ್ಲೇ ಬಂದಿದ್ದಳು. ಸೊಂಟ ನೋವಿನ ಅಜ್ಜಿಯೊಬ್ಬಳು ಕುರ್ಚಿಯಲ್ಲೇ ಕೂತು ಭುಜ ಮಾತ್ರ ಕುಣಿಸುತ್ತಿದ್ದಳು. ಹಾಡು ವೇಗ ಹಿಡಿದಂತೆಲ್ಲ, ಹೂವಿನಂಗಡಿಯವಳ ಜೊತೆ ಕುಣಿಯುತ್ತಿದ್ದ ಬ್ರೇಕಕ್ಕನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತತೊಡಗಿತು. ಜೋಡಿ ಮುಗ್ಗರಿಸಿತು, ಹಿಂದಿನವರು ಬಂದು ಇವರಿಗೆ ಡಿಕ್ಕಿ ಹೊಡೆದರು.

"ಮೇಡಂ" ಎಂದಳು ಹೂವಿನಂಗಡಿಯವಳು, ಅವಳ ಸೊಂಟ ಬಳಸಿ, "ಕಾರಲ್ಲಿ ನೀವು ಹೇಳಿದಂಗೆ ನಾನು ಕೇಳ್ತೀನಿ. ಇಲ್ಲಿ ಸ್ಟೀರಿಂಗ್ ನನ್ನ ಕೈಲಿದೆ. ಕಾಲು ತೆಗೀರಿ."

ಅವಳು ಕಾಲು ತೆಗೆದಳು. ಆಮೇಲೆ ಏನು ಕುಣಿದಳೋ, ಯಾರ ಕಾಲು ತುಳಿದಳೋ ನೆನಪಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ಹೂವಿನಂಗಡಿಯವಳು ಅವಳ ಕೆನ್ನೆಗೊಂದು ಮುತ್ತು ಕೊಟ್ಟು, "ಇನ್ನು ಮೇಡಂ ಅನ್ನಲ್ಲ" ಎಂದದ್ದು ನೆನಪಿದೆ. ಮನೆಗೆ ಬರುವ ಬಸ್ಸನ್ನು ಹತ್ತಿದಳು, ಇಳಿಯುವುದನ್ನೇ ಮರೆತು ಡಿಪೋ ತನಕ ಹೋದಳು, ಅಲ್ಲಿಂದ ಹಾಡಿಕೊಂಡು ನಡೆದು ಬಂದಳು.

ಬಣ್ಣದ ಓಣಿಯವರು ವರ್ಷಕ್ಕೊಮ್ಮೆ ಊರಿನ ದೊಡ್ಡ ರಸ್ತೆಯಲ್ಲಿ ಮೆರವಣಿಗೆ ಹೊರಡುತ್ತಾರೆ. ಹಿಂದೆ ಹತ್ತಾರು ಜನ ಮುಖಕ್ಕೆ ಮುಖವಾಡ ಹಾಕಿಕೊಂಡು ನಡೆಯುತ್ತಿದ್ದರಂತೆ, ಈಗ ಊರಿಗೆ ಊರೇ ಸೇರುತ್ತದೆ. ಆ ವರ್ಷ ನೆಲಮಾಳಿಗೆಯ ಹೆಂಗಸರದ್ದು ಹೂವಿನಿಂದ ಮುಚ್ಚಿದ ಚಿಕ್ಕ ಲಾರಿ. ಅದನ್ನು ತಾನೇ ಓಡಿಸಬೇಕೆಂದು ಹೂವಿನಂಗಡಿಯವಳ ಹಟ, ಅವಳು ಕಾರು ಕಲಿಯಲು ಬಂದದ್ದೇ ಲೈಸೆನ್ಸು ಮಾಡಿಸಿ ಆ ಲಾರಿಗೆ ಕೈಹಾಕಲು. ಮೂರನೇ ಟೆಸ್ಟು ಚೆನ್ನಾಗಿಯೇ ಶುರುವಾಯಿತು. ಆದರೆ ರಸ್ತೆ ದಾಟುತ್ತಿದ್ದ ನಾಯಿಗೆಂದು ಅವಳು ಕಾರು ನಿಲ್ಲಿಸಿದಳು. ನಾಯಿ ನಡುರಸ್ತೆಯಲ್ಲಿ ಕೂತಿತು, ಕೆರೆದುಕೊಂಡಿತು, ಮಲಗಿತು. ಇವಳು ಕಾದಳು. ಹಾರ್ನ್ ಮಾಡಿದರೆ ಅದಕ್ಕೆ ಹೆದರಿಕೆಯಾಗುತ್ತದಂತೆ. ಹಿಂದಿನ ವಾಹನಗಳ ಸಾಲು ಸರ್ಕಲ್ ಮುಟ್ಟಿದಾಗ ಟೆಸ್ಟು ಮಾಡುತ್ತಿದ್ದ ಇನ್ಸ್‌ಪೆಕ್ಟರು ಇಳಿದು ನಡೆದುಕೊಂಡೇ ಆಫೀಸಿಗೆ ಹೋದರು.

"ಇನ್ನೇನು, ನೀನೇ ಓಡಿಸ್ಬೇಕು" ಎಂದಳು ಹೂವಿನಂಗಡಿಯವಳು.

ಬ್ರೇಕಕ್ಕ ಲೆಕ್ಕ ಹಾಕಿದಳು. ಇಡೀ ಊರು ನೋಡುತ್ತದೆ, ಊರಲ್ಲಿ ಮುಕ್ಕಾಲು ಪಾಲು ತನ್ನ ಶಿಷ್ಯರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಫೋನು ಮಾಡಿ, "ಲಾರಿ ಕ್ಲಚ್ಚು ಹೆಂಗಿದೆ?" ಎಂದಷ್ಟೇ ಕೇಳಿದಳು.

ಮೆರವಣಿಗೆಯ ದಿನ ಡೋಲು, ಕಹಳೆ, ಸೀಟಿ, ಎಲ್ಲರ ಮೈಮೇಲೆ ಬಣ್ಣದ ಪುಡಿ. ಹಸಿರು ಗೌನಿನ ದೈತ್ಯ ಮುಂದೆ ಕೊಡೆ ಹಿಡಿದು ನಡೆದ. ಚದುರಂಗದ ಮುದುಕರು ಒಂದೇ ಸ್ಕೂಟರಿನಲ್ಲಿ ಬಂದು, ಯಾರು ಮುಂದೆ ಕೂರಬೇಕೆಂದು ಜಗಳವಾಡಿದರು. ಲಾರಿಯ ಮೇಲಿಂದ ಹೂವಿನಂಗಡಿಯವಳು ಎಸಳು ಎರಚುತ್ತಿದ್ದಳು. ಬ್ರೇಕಕ್ಕ ಸ್ಟೀರಿಂಗ್ ಅಪ್ಪಿ ಹಿಡಿದು, ನಡೆಯುವವರ ವೇಗಕ್ಕೆ ಲಾರಿಯನ್ನು ತೆವಳಿಸುತ್ತಿದ್ದಳು. ಮೊದಲ ಸರ್ಕಲ್‌ನಲ್ಲಿ ಹೆದರಿಕೆ, ಎರಡನೆಯದರಲ್ಲಿ ಹೆದರಿಕೆಯೂ ಖುಷಿಯೂ. ಮೂರನೆಯ ಹೊತ್ತಿಗೆ ಅವಳೂ ಕಿಟಕಿಯಿಂದ ಕೈ ಹೊರಹಾಕಿ ಕೇಕೆ ಹಾಕುತ್ತಿದ್ದಳು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅಣ್ಣ!

ಪಾಪ, ಅವನು ಎಪ್ಪತ್ತರ ಶಿಷ್ಯನೊಬ್ಬನಿಗೆ ಪಾಠ ಹೇಳುತ್ತ ಬಂದು, ಪೊಲೀಸರು ಅಡ್ಡ ಹಾಕಿದ್ದ ಬೇಲಿಯ ಬಳಿ ಸಿಕ್ಕಿಕೊಂಡಿದ್ದ. ಲಾರಿ ನೋಡಿದ, ತಂಗಿಯನ್ನು ನೋಡಿದ, ಕಾರಿನಿಂದ ಇಳಿದು ಓಡಿ ಬಂದ. ಬಂದವನು ಮೊದಲು ಆಡಿದ ಮಾತು ಇದು:

"ಅರ್ಧ ಕ್ಲಚ್ಚಲ್ಲೇ ಓಡಿಸ್ತಿದೀಯಲ್ಲೇ, ಪ್ಲೇಟು ಸುಟ್ಟುಹೋಗುತ್ತೆ! ಪೂರ್ತಿ ಒತ್ತು, ಬಿಡು, ಒತ್ತು!"

ಅವಳು ಒತ್ತಿದಳು, ಬಿಟ್ಟಳು. ಲಾರಿ ಮುಂದೆ ಸರಿಯಿತು, ಅಣ್ಣನೂ ಬಾಗಿಲು ಹಿಡಿದು ಜೊತೆಗೇ ಸರಿದ.

"ಅಲ್ಲಾ, ಬಾಡಿಗೆ ಡ್ರೈವರ್ ಸಿಗಲಿಲ್ವಾ ಇವರಿಗೆ? ನೀನ್ಯಾಕೆ ಇಲ್ಲಿ?"

"ಅಣ್ಣಾ, ನಾನು ಬರೀ ಡ್ರೈವರಾಗಿ ಬಂದಿಲ್ಲ."

"ಮತ್ತೆ?"

"ನಾನೂ ಇವರಲ್ಲೊಬ್ಬಳು. ಮೊದಲಿಂದಲೂ." ಹೆಬ್ಬೆರಳಿನಿಂದ ಮೇಲಕ್ಕೆ ತೋರಿಸಿದಳು. "ಮೇಲೆ ಹೂವು ಎರಚ್ತಿದಾಳಲ್ಲ, ಅವಳು ಅಂದ್ರೆ ನಂಗೆ ಪ್ರಾಣ."

ಅಣ್ಣ ಕತ್ತೆತ್ತಿ ನೋಡಿದ. ಒಂದು ಹಿಡಿ ಎಸಳು ಅವನ ಬೋಳುತಲೆಯ ಮೇಲೆ ಬಿತ್ತು. ಬಾಗಿಲು ಹಿಡಿದು ನಡೆದ. ಎಷ್ಟೋ ದೂರ ನಡೆದ ಮೇಲೆ, "ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ನೀನು" ಎಂದ. ಅವಳು ಮತ್ತೆ ಕ್ಲಚ್ಚು ಒತ್ತುವಷ್ಟರಲ್ಲಿ, "ನಾನೂ ಕೇಳ್ಲಿಲ್ಲ ಬಿಡು" ಎಂದು ತಾನೇ ಸೇರಿಸಿದ. ಅಷ್ಟು ಹೊತ್ತಿಗೆ ಯಾರೋ ಅವನ ಕೊರಳಿಗೆ ಕಾಮನಬಿಲ್ಲಿನ ಹಾರ ಹಾಕಿದ್ದರು, ಇನ್ಯಾರೋ ಕೆನ್ನೆಗೆ ಬಣ್ಣ ಬಳಿದಿದ್ದರು. ಮೆರವಣಿಗೆಯ ಅರ್ಧ ದಾರಿಯನ್ನು ತಾನು ನಡೆದಿದ್ದೇನೆಂಬ ಪರಿವೆಯೇ ಅವನಿಗಿರಲಿಲ್ಲ.

ಟಿವಿಯವರಿಗೆ ಮಾತ್ರ ಇತ್ತು. ಅವರು ಅಣ್ಣನನ್ನು ಚೆನ್ನಾಗಿ ಹತ್ತಿರದಿಂದ ತೋರಿಸಿದರು.

ಮನೆಯಲ್ಲಿ ಅತ್ತಿಗೆಯ ಫೋನು ಬಡಿದುಕೊಳ್ಳತೊಡಗಿತು. ಚಿಕ್ಕಮ್ಮ, ಸೋದರತ್ತೆ, ಓರಗಿತ್ತಿ, ಎಲ್ಲರೂ ಒಬ್ಬರ ಹಿಂದೊಬ್ಬರು ಸಮಾಧಾನ ಹೇಳುವವರೇ. "ಧೈರ್ಯ ತಗೋಮ್ಮ, ಈಗಲಾದ್ರೂ ಗೊತ್ತಾಯ್ತಲ್ಲ" ಎಂದು ಚಿಕ್ಕಮ್ಮ ಅತ್ತೇಬಿಟ್ಟರು. ಅತ್ತಿಗೆ ಗಂಡನಿಗೆ ಫೋನು ಹಚ್ಚಿದರು.

"ರೀ, ಟಿವೀಲಿ ಹಾರ ಹಾಕ್ಕೊಂಡು ನಡೀತಿರೋದು ನೀವಾ?"

"ನಾನೇ ಕಣೇ. ಆದರೆ ನಾನಲ್ಲ. ನನ್ನ ತಂಗಿ!"

"ಅವಳ ವಿಷಯ ನಂಗೊತ್ತು, ಯಾವತ್ತಿಂದಲೋ ಗೊತ್ತು. ನಿಮ್ಮ ವಿಷಯ ಹೇಳಿ."

ಡೋಲಿನ ಗದ್ದಲದಲ್ಲಿ ಅಣ್ಣ ಕಿರುಚಿ ಕಿರುಚಿ ತನ್ನ ವಿಷಯ ವಿವರಿಸಿದ್ದನ್ನು ಲಾರಿಯ ಮೇಲಿದ್ದವರೆಲ್ಲ ಕೇಳಿ, ಚಪ್ಪಾಳೆ ತಟ್ಟಿದರು. ಆಗಲೇ ಅವನಿಗೆ ಬೇಲಿಯ ಬಳಿ ಬಿಟ್ಟುಬಂದ ಶಿಷ್ಯನ ನೆನಪಾದದ್ದು. ಓಡಿ ಹೋಗಿ ನೋಡಿದರೆ ಆ ಹಿರಿಯರು ಕಾರನ್ನು ಎರಡು ಲಾರಿಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ ಗೊರಕೆ ಹೊಡೆಯುತ್ತಿದ್ದರು.

ಎಲ್ಲವೂ ನಗುವಿನಲ್ಲೇ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಶಿಷ್ಯರು ಸ್ಕೂಲು ಬಿಟ್ಟರು. ಸೋದರತ್ತೆ ಇವತ್ತಿಗೂ ಬ್ರೇಕಕ್ಕನ ಜೊತೆ ಮಾತಾಡುವುದಿಲ್ಲ. ಅಣ್ಣನೂ ಒಂದು ವಾರ ಊಟದ ಹೊತ್ತಿಗೆ ಪೇಪರು ಅಡ್ಡ ಹಿಡಿದು ಕೂರುತ್ತಿದ್ದ. ಎಂಟನೇ ದಿನ ಪೇಪರು ಕೆಳಗಿಟ್ಟು, "ಅವಳಿಗೆ ಎಡಕ್ಕೆ ತಿರುಗಿಸೋದು ನಾನು ಕಲಿಸ್ತೀನಿ. ನಿನ್ನ ಕೈಲಾಗಲ್ಲ, ನೀನು ಅವಳ ಮುಖ ನೋಡ್ಕೊಂಡು ಕೂತಿರ್ತೀಯ" ಎಂದ. ಐದನೇ ಟೆಸ್ಟಿನಲ್ಲಿ ಹೂವಿನಂಗಡಿಯವಳು ಪಾಸಾದಳು.

ಬ್ರೇಕಕ್ಕ ಹೂವಿನಂಗಡಿಯ ಮೇಲಿನ ಮನೆಗೆ ಹೋಗಿ ನೆಲೆಸುವುದೆಂದು ನಿಶ್ಚಯವಾದಾಗ ಸಾಮಾನು ಸಾಗಿಸಲು ನಾನೂ ಹೋಗಿದ್ದೆ. ಬಟ್ಟೆ, ಪುಸ್ತಕ, ಪಾತ್ರೆ ಅಣ್ಣನ ಮಹಡಿಯಿಂದ ಸಲೀಸಾಗಿ ಇಳಿದು ಬಂದವು. ಸೋಫಾ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಬ್ರೇಕಕ್ಕ, ಹೂವಿನಂಗಡಿಯವಳು ಮೇಲೆ, ಅಣ್ಣ ನಡುವೆ, ಅತ್ತಿಗೆ ಮತ್ತು ನಾನು ಕೆಳಗೆ. ಎತ್ತಿದರೆ ಸೂರು, ಇಳಿಸಿದರೆ ಕಂಬಿ. ಅಣ್ಣನಿಗೆ ಮೇಲೂ ಹೋಗಲಾಗದು, ಕೆಳಗೂ ಬರಲಾಗದು. ಕೊನೆಗೆ ಎಲ್ಲರೂ ನಕ್ಕೂ ನಕ್ಕೂ ಸುಸ್ತಾಗಿ ನಿಂತಲ್ಲೇ ಕೂತೆವು. ಅತ್ತಿಗೆ ಒಳಗೆ ಹೋಗಿ ಕಾಫಿ ಮಾಡಿ ತಂದು, ಸೋಫಾದ ಕಾಲಿನ ಸಂದಿಯಿಂದ ಒಂದೊಂದೇ ಲೋಟವನ್ನು ಮೇಲಕ್ಕೆ ದಾಟಿಸಿದರು.

"ಸಕ್ಕರೆ ಸಾಲದೇನೇ?" ಎಂದು ಕೆಳಗಿನಿಂದ ಕೂಗಿದರು.

"ಸರಿಯಾಗಿದೆ ಅತ್ತಿಗೆ" ಎಂದು ಮೇಲಿನಿಂದ ಇಬ್ಬರೂ ಒಟ್ಟಿಗೇ ಕೂಗಿದರು.