ನನ್ನ ಪಥ್ಯದಿಂದಾದ ಹುಣ್ಣು

ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಹೆಂಡತಿಯನ್ನು ಮಗ್ಗುಲಿಗೆ ಹೊರಳಿಸಿದಾಗ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು ಕಂಡಿತು. ಹಂಡೆಯ ಬಿಸಿನೀರು ಬಿದ್ದು ಸುಟ್ಟಿದ್ದು ತೊಡೆ. ಹುಣ್ಣಾದ ಜಾಗದಲ್ಲಿ ಸುಟ್ಟಿರಲೇ ಇಲ್ಲ.

"ಮಲಗಿದಲ್ಲೇ ಮಲಗಿ ಬೆಡ್‌ಸೋರ್ ಆಗೈತೆ. ಮೈಯಾಗೆ ಶಕ್ತಿನೂ ಇಲ್ಲ. ನಾವು ಕೊಡೋ ಮೊಟ್ಟೆ, ಬೇಳೆ ತಿಂತಾರೇನಜ್ಜ?" ಎಂದು ನರ್ಸಮ್ಮ ಕೇಳಿದರು.

ಗಾಯವಾದವರಿಗೆ ಮೊಟ್ಟೆ, ಬೇಳೆ ನಂಜು, ಕೀವಾಗುತ್ತದೆ ಎಂದು ಸವಳಂಗದ ನಮ್ಮ ಮನೆಯಲ್ಲಿ ಹಿಂದಿನಿಂದಲೂ ನಂಬಿಕೆ. ಹಾಗಾಗಿ ಆಸ್ಪತ್ರೆಗೆ ಸೇರಿಸಿದಾಗಿನಿಂದ ಹನ್ನೆರಡು ದಿನ ಆಕೆಗೆ ಬರೀ ಗಂಜಿ ಕುಡಿಸಿದ್ದೆ. ನೋವೆಂದು ಅಳುತ್ತಾಳೆಂದು ನರ್ಸುಗಳಿಗೆ ಹೊರಳಿಸಲೂ ಬಿಟ್ಟಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಮೊಟ್ಟೆ ಎಲ್ಲಾ ಇವರೇ ತಿಂದಾರವ್ವ. ನಂಜು ನನಗಷ್ಟೇ, ಇವರಿಗಿಲ್ಲ."

ಪಕ್ಕದ ಮಂಚದವರು ನಕ್ಕರು. ಹೆಂಡತಿ ನಗಲಿಲ್ಲ. ಅಂದಿನಿಂದ ಎರಡು ಗಂಟೆಗೊಮ್ಮೆ ನರ್ಸಮ್ಮನ ಜೊತೆ ನಾನೂ ಕೈಜೋಡಿಸಿ ಹೊರಳಿಸಿದೆ. ಮೊಟ್ಟೆ ಸುಲಿದು ತಿನ್ನಿಸಿದೆ.

ಬಿಸಿನೀರಿನ ಗಾಯ ಎರಡು ತಿಂಗಳಲ್ಲಿ ಮಾಯಿತು. ನನ್ನಿಂದಾದ ಹುಣ್ಣು ಮಾಯಲು ಆರು ತಿಂಗಳು ಹಿಡಿಯಿತು. ತಪ್ಪಾಯಿತು ಎಂದು ಆಕೆಗೆ ಇದುವರೆಗೂ ಬಾಯಿಬಿಟ್ಟು ಹೇಳಿಲ್ಲ. ನಾನು ಬರೆದ ಇದು ಪತ್ರಿಕೆಯಲ್ಲಿ ಬಂದರೆ ಆಕೆಯ ಎದುರು ಕೂತು ಓದಿ ಹೇಳುತ್ತೇನೆ.