ಹೆಬ್ಬಾಗಿಲಿನ ಅಗುಳಿ

ಪುಣೆಯ ನಮ್ಮ ವಾಡೆಯ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿರುವ ವಠಾರದ, ಹೆಬ್ಬಾಗಿಲಿಗೆ ಸಾಗವಾನಿಯ ಅಗುಳಿಯೊಂದಿದೆ. ದೀಪ ಹಚ್ಚುವ ಹೊತ್ತಿಗೆ ಅದನ್ನು ಅಡ್ಡ ಸರಿಸುವ ಕೆಲಸ ನನ್ನದು. ಈಚೆಗೆ, ಗೆಳೆಯರೇ, ಅದನ್ನು ಸರಿಸುವ ಮೊದಲು ನಾನು ಒಮ್ಮೆ ನಿಲ್ಲುತ್ತೇನೆ.

ಕಾಲೇಜಿನಲ್ಲಿ ಪ್ರಾಚೀನ ಗ್ರೀಕರ ನಗರರಾಜ್ಯಗಳನ್ನು ಓದುವಾಗ ನನ್ನ ಕಣ್ಣೆದುರು ಇದ್ದದ್ದು ಈ ವಾಡೆಯೇ. ಸುತ್ತ ಗೋಡೆ, ತನ್ನದೇ ದೇವರು, ತನ್ನದೇ ಕಟ್ಟಳೆ, ನಡುವಿನ ಅಂಗಳದಲ್ಲಿ ಎಲ್ಲರೆದುರು ನಡೆಯುವ ಸಭೆ: ಅಂಗೈಯಗಲದ ಅಥೆನ್ಸ್ ಎಂದು ಹೆಮ್ಮೆಪಟ್ಟಿದ್ದೆ. ಅಲ್ಲಿ ಹೆಂಗಸರಿಗೂ ಗುಲಾಮರಿಗೂ ತಲೆಮಾರುಗಳಿಂದ ನೆಲೆಸಿದ ಪರವೂರಿನವರಿಗೂ ಸಭೆಯಲ್ಲಿ ಬಾಯಿರಲಿಲ್ಲ ಎಂಬುದನ್ನೂ, ಬೇಡವಾದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಅವನನ್ನು ಊರಾಚೆ ಕಳಿಸುತ್ತಿದ್ದರು ಎಂಬುದನ್ನೂ ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ.

ಈ ಸಲ ಪ್ಲೇಗು ನಮ್ಮ ಪೇಟೆಗೆ ಬಂದಾಗ ಅವ್ವನಿಗೆ ಜ್ವರ ಬಂತು. ರೋಗಿಯೂ ರೋಗಿಯನ್ನು ಮುಟ್ಟಿದವರೂ ಅವರು ಮುಟ್ಟಿದ್ದನ್ನು ಮುಟ್ಟಿದವರೂ ವಾಡೆ ಬಿಡಬೇಕೆಂದು ಸಭೆ ಆಗಲೇ ಕಟ್ಟಳೆ ಮಾಡಿತ್ತು. ಧಾರವಾಡದಿಂದ ಬಂದ ಬಾಡಿಗೆಯವರಾದ ನಮಗೆ ಆ ಸಭೆಯಲ್ಲಿ ಕೂರುವ ಹಕ್ಕಿಲ್ಲ. ಅಪ್ಪ ಕಂಬದ ಬಳಿ ನಿಂತು, ಪ್ಲೇಗಿನ ಗಡ್ಡೆ ಎದ್ದಿಲ್ಲ, ಬರೀ ಜ್ವರ ಎಂದು ಹರಕುಮುರುಕು ಮರಾಠಿಯಲ್ಲಿ ಬೇಡಿಕೊಂಡರು. ಆ ಚಳಿಯಲ್ಲಿ, ಊರಾಚೆ ಪ್ಲೇಗಿನವರಿಗೆಂದು ಹಾಕಿದ ಬಯಲಿನ ಗುಡಿಸಲಿಗೆ ಒಯ್ದರೆ ಅವ್ವ ಉಳಿಯುತ್ತಿರಲಿಲ್ಲ.

"ರಾಯರ ಮರಾಠಿಗೂ ಜ್ವರ ಬಂದದ!" ಎಂದೊಬ್ಬ ಹಂಗಿಸಿದ. ವಾಡೆಯ ಯಜಮಾನ ಬಾಪೂ ಎದ್ದು, ನಾವು ಹೊರಡಲೆಂದು ಅಗುಳಿ ಸರಿಸಿ ಹೆಬ್ಬಾಗಿಲು ತೆರೆದ.

ಆಗ ಅವನ ಚಿಕ್ಕಮ್ಮ, ಅಥಣಿಯಲ್ಲಿ ಹುಟ್ಟಿ ಇಲ್ಲಿ ವಿಧವೆಯಾಗಿ ಉಳಿದ ಕಾಶೀಕಾಕು, ಉಟ್ಟ ಮಡಿಯಲ್ಲೇ ನಮ್ಮ ಕೋಣೆಗೆ ನಡೆದು ಅವ್ವನ ತಲೆಯನ್ನು ತೊಡೆಗೆ ಎಳೆದುಕೊಂಡಳು. "ಹೆದರಬ್ಯಾಡ ತಂಗಿ, ನಾ ಇದ್ದೀನಿ." ಆಮೇಲೆ ನಮ್ಮ ಕೊಡ ಹಿಡಿದು ಬಾವಿಗೆ ಬಂದು ನೀರು ಸೇದಿದಳು. ಎಲ್ಲವನ್ನೂ ನೋಡುತ್ತಿದ್ದ ಬಾಪೂನ ಹೆಂಡತಿ ಆ ಒದ್ದೆ ಹಗ್ಗವನ್ನು ಅವಳ ಕೈಯಿಂದಲೇ ತೆಗೆದುಕೊಂಡಳು. ಇವಳ ಕೈಯಿಂದ ಇನ್ನೊಬ್ಬಳು, ಅವಳ ಕೈಯಿಂದ ಮತ್ತೊಬ್ಬಳು.

ಕಾಕು ಅಂಗಳದತ್ತ ತಿರುಗಿ ಮರಾಠಿಯಲ್ಲಿ ಕೂಗಿದಳು: "ಬಾಪೂ, ಮುಟ್ಟಿದವರೆಲ್ಲಾ ಹೊರಡ್ತೀವಿ ನೋಡು. ಇವತ್ತಿನಿಂದ ಒಲಿ ನೀವ ಹಚ್ಚಿಕೊಳ್ರಿ."

ಬಾಪೂ ಬಾಗಿಲು ಮುಚ್ಚಿದ; ಸಭೆ ಎದ್ದಿತು, ನಾವು ವಾಡೆಯಲ್ಲೇ ಉಳಿದೆವು. ಅವ್ವ ಬದುಕಿದಳು.

ಆದರೆ ಅಂದು ಅಗುಳಿ ಸರಿದ ಸದ್ದು ಇನ್ನೂ ನನ್ನ ಕಿವಿಯಿಂದ ಇಳಿದಿಲ್ಲ. ಗೋಡೆ ಯಾರನ್ನು ಕಾಯುತ್ತದೆಂಬ ಪ್ರಶ್ನೆ ಒಳಗೆ ಬೆಚ್ಚಗಿರುವವರೆಗೂ ನಮ್ಮನ್ನು ಕಾಡುವುದಿಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಮಡಕೆಯ ಚೂರು ನನಗೆ ಚುಚ್ಚಿದ್ದೂ ಈಗಲೇ. ಸಂಜೆ ಅಗುಳಿ ಹಾಕುವ ಮೊದಲು ಈಗ ನಾನು ಬಾಗಿಲು ತೆರೆದು ಬೀದಿಯುದ್ದಕ್ಕೂ ನೋಡುತ್ತೇನೆ, ಯಾರಾದರೂ ಹೊರಗೆ ಉಳಿದಿದ್ದಾರೆಯೇ ಎಂದು.